ಕೊಕ್ಕಿನಲ್ಲಿ ಒಂದೇ ಎಳೆ

ಹಾಳುಬಾವಿಯ ಮೇಲಿನ ಈಚಲು ಮರದಲ್ಲಿ ಒಂದು ಬೆಳಿಗ್ಗೆ ಭಾರೀ ಅನಾಹುತ ಸಂಭವಿಸಿತು: ಗೂಡು ನೇಯುತ್ತಿದ್ದ ಗೀಜಗನ ಕೊಕ್ಕಿನಿಂದ ಹುಲ್ಲೆಳೆಯೊಂದು ಜಾರಿ ನೀರಿಗೆ ಬಿತ್ತು. ಪಕ್ಕದಲ್ಲಿ ಕೂತು ಹರಟುತ್ತಿದ್ದ ಗೊರವಂಕ ಹಕ್ಕಿ ಹೇಳಿದ ಸುದ್ದಿಗೆ ಅವನು "ಹೌದಾ!" ಎಂದು ಬಾಯಿ ತೆರೆದದ್ದೇ ಕಾರಣ. ಹಿಂದಿನ ಎಳೆಗಳೂ ಹೀಗೆಯೇ ಹೋಗಿದ್ದವು. ಅಂದೇ ಹೆಣ್ಣು ಗೀಜಗ ಗೂಡು ನೋಡಲು ಬರುವವಳಿದ್ದಳು. ಜಗ್ಗಿ ನೋಡಿ, ಸಡಿಲವೆನಿಸಿದರೆ ಪಕ್ಕದ ಗೂಡಿನವನನ್ನು ವರಿಸುವುದು ಅವರಲ್ಲಿ ಪದ್ಧತಿ.

ಮುಂದಿನ ಎಳೆ ಸೇರಿಸದೆ ಬಾಯಿ ತೆರೆಯುವುದಿಲ್ಲವೆಂದು ತೀರ್ಮಾನಿಸಿ ಗೀಜಗ ಹೊಸದೊಂದನ್ನು ತಂದ.

"ಏನಯ್ಯಾ, ಪಕ್ಕದವನ ಗೂಡಿಗೆ ಆಗಲೇ ಬಾಗಿಲಾಯಿತಂತೆ!" ಎಂದ ಗೊರವಂಕ.

ಗೀಜಗನಿಗೆ ನಾಲಗೆ ತುರಿಸಿತು. ಆದರೂ ಎಳೆಯನ್ನು ತೂರಿಸಿ, ಸುತ್ತಿ, ಬಿಗಿದ. ಹಸಿ ಹುಲ್ಲಿಗೆ ಇಷ್ಟು ಒಳ್ಳೆಯ ವಾಸನೆಯಿದೆಯೆಂದು ಅವನಿಗೆ ಗೊತ್ತಾದದ್ದು ಅಂದೇ, ಬಹಳ ಖುಷಿಯಾಯಿತು.

"ಕಿವುಡನಾದೆಯಾ? ಹುಡುಗಿ ಬಂದಿದ್ದಾಳೆ ಕಣೋ!"

ಅವನು ಗಂಟು ಮುಗಿಸಿಯೇ ತಲೆಯೆತ್ತಿದ. ಹೆಣ್ಣು ಗೂಡಿಗೆ ಜೋತುಬಿದ್ದು ಜಗ್ಗುತ್ತಿದ್ದಳು.

"ನಾನು ಬಂದು ಬಹಳ ಹೊತ್ತಾಯಿತು, ಮಹಾಶಯರೇ."

"ಕ್ಷಮಿಸಬೇಕು, ಗಂಟು ಹಾಕುತ್ತಿದ್ದೆ."

"ಅದು ಕಾಣುತ್ತದೆ. ಬಿಚ್ಚಲಿಕ್ಕೇ ಬರುತ್ತಿಲ್ಲ," ಎಂದು ಅವಳು ಇನ್ನೊಮ್ಮೆ ಜಗ್ಗಿ, ನಕ್ಕಳು.

ಆ ಮಳೆಗಾಲ ಗೂಡಿನಲ್ಲಿ ಮೂರು ಮರಿಗಳಾದವು.