ಮೇಯರ್ ಸಾಹೇಬರಿಗೊಂದು ಸನ್ಮಾನ

ನರ್ಸಿಂಗ್ ಕಾಲೇಜಿನಲ್ಲಿ ಆರೋಗ್ಯದ ಪಾಠ ಹೇಳುತ್ತಿದ್ದ ಇಂದುಮತಿ ಮೇಡಂ ಚುನಾವಣೆ ಗೆದ್ದು ಪಾಲಿಕೆಗೆ ಬಂದರು. ಮೊದಲ ಸಭೆಯಲ್ಲೇ ತಮ್ಮ ವಾರ್ಡಿನ ಕಸದ ಗುಡ್ಡೆಯ ಮಾತೆತ್ತಿದರು.

ಮೇಯರ್ ಚನ್ನವೀರಪ್ಪ ಮೀಸೆ ತಿರುವಿದರು. “ನಾನೇ ನೋಡಿ ಬಂದಿದ್ದೀನಮ್ಮ. ಅಲ್ಲಿ ಒಂಚೂರೂ ವಾಸನೆ ಇಲ್ಲ. ಸುಮ್ಮನೆ ಕೂತ್ಕೊಳ್ಳಿ.”

“ಆಗಲಿ ಸಾರ್,” ಎಂದು ಮೇಡಂ ಕೂತರು.

ಮರುವಾರ ಆ ವಾರ್ಡಿನಲ್ಲಿ ಮೇಡಂ ಕಡೆಯಿಂದಲೇ ಮೇಯರಿಗೆ ಸನ್ಮಾನ. ಸನ್ಮಾನವೆಂದರೆ ಚನ್ನವೀರಪ್ಪ ಊಟ ಬಿಟ್ಟು ಓಡಿ ಬರುವವರು. ಬಂದು ನೋಡಿದರೆ ಶಾಮಿಯಾನ ಹಾಕಿದ್ದು ಕಸದ ಗುಡ್ಡೆಯ ಪಕ್ಕದಲ್ಲೇ! ಪೇಟ, ಶಾಲು, ಹಾರ ಎಲ್ಲ ಆಯಿತು. ಎದುರಿಗೆ ಟಿವಿಯವರ ಕ್ಯಾಮೆರಾ. ವಾಸನೆಯೇ ಇಲ್ಲ ಅಂದವರು ಮೂಗು ಮುಚ್ಚುವುದು ಹೇಗೆ?

ಮೇಡಂ ಮೈಕ್ ಹಿಡಿದು ಮೇಯರ್ ಸಾಹೇಬರ ಜೀವನಚರಿತ್ರೆ ಶುರು ಮಾಡಿದರು. ಪಾಠ ಹೇಳಿ ಪಳಗಿದ ಗಂಟಲು. ಎಷ್ಟು ಹೊತ್ತಾದರೂ ಸಾಹೇಬರ ಬಾಲ್ಯವೇ ಮುಗಿಯಲಿಲ್ಲ.

ಚನ್ನವೀರಪ್ಪ ಬೆವರುತ್ತ ಪಿಸುಗುಟ್ಟಿದರು, “ಇನ್ನೂ ಎಷ್ಟಿದೆಯಮ್ಮ ಭಾಷಣ?”

“ಕಸದ ಲಾರಿ ಬರೋವರೆಗೂ ಸಾರ್.”

ಸಾಹೇಬರು ಶಾಲಿನ ಮರೆಯಲ್ಲೇ ಫೋನ್ ಮಾಡಿದರು. ಅವರು ಮೂರನೇ ಕ್ಲಾಸು ಪಾಸಾಗುವಷ್ಟರಲ್ಲಿ ಲಾರಿ ಬಂತು.

ಮೇಡಂ ಈಗ ದೆಹಲಿಯಲ್ಲಿ ಸಂಸದೆ. “ನಿಮಗೊಂದು ಸನ್ಮಾನ ಇಟ್ಕೊಳ್ಳೋಣ ಸಾರ್” ಎಂದು ಅವರು ಯಾವ ಮಂತ್ರಿಗೆ ಹೇಳಿದರೂ ಸರಿ, ಆ ಮಂತ್ರಿ ಮೊದಲು ಕೇಳುವುದು ಒಂದೇ ಮಾತು:

“ಎಲ್ಲಿ?”