ಮಳೆಯಲ್ಲಿ ಕೈಬಿಡುವ ದಾರಿ

ಡಂಗುರದವನು ಕೋಟೆ ಬಾಗಿಲಲ್ಲಿ ನಿಂತು ಸಾರಿದ: “ಊರವರೆಲ್ಲ ಕಿವಿಗೊಡಿ! ನಮ್ಮ ದೊರೆ ಚೌಡರಾಯರ ಮಗಳು ಜಕ್ಕಲದೇವಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನಿಗೆ ರಾಜಕುಮಾರಿಯ ಕೈ, ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆದಂಡ. ತಲೆಯ ಮೇಲೆ ಆಸೆ ಇದ್ದವರು ಮನೆಯಲ್ಲೇ ಇರಿ!”

ಆ ರಾಜ್ಯದಲ್ಲಿ ಕುದುರೆ ಓಟ ನಿಂತು ಬಹಳ ಕಾಲವಾಗಿತ್ತು. ಈಗ ಎಲ್ಲರೂ ತಂತಮ್ಮ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಸ್ಟೀರಿಂಗ್ ಹಿಡಿದು ಕೂತು, ಆನ್‌ಲೈನಿನಲ್ಲಿ ಕಾರು ಓಡಿಸಿ ಪಂದ್ಯ ಕಟ್ಟುತ್ತಿದ್ದರು. ಅದರಲ್ಲಿ ಜಕ್ಕಲದೇವಿಯನ್ನು ಸೋಲಿಸಿದವರಿಲ್ಲ. ಅದಕ್ಕೇ ಅವಳ ಹಿಂದೆ ವರರ ಸಾಲು. ಅವಳಿಗೋ ಅವರನ್ನು ಕಂಡರೆ ಮೈ ಉರಿಯುತ್ತಿತ್ತು.

ಪಂದ್ಯಕ್ಕೆ ಮುಂಚೆ ಟೈರಿಗೆ ಗಾಳಿ ಎಷ್ಟು, ಹಿಂಬದಿಗೆ ಕಟ್ಟಿದ ರೆಕ್ಕೆಯಂಥ ಹಲಗೆಯ ಓರೆ ಎಷ್ಟು, ಸ್ಪ್ರಿಂಗು ಎಷ್ಟು ಬಿಗಿ ಎಂದು ಕಾರನ್ನು ಹೊಂದಿಸಿಕೊಳ್ಳಬೇಕು. ಅದಕ್ಕೆ ಸೆಟಪ್ ಅನ್ನುತ್ತಾರೆ. ಈ ಗಂಡುಗಳಲ್ಲಿ ಒಬ್ಬನೂ ಸ್ವಂತ ಬುದ್ಧಿಯಿಂದ ಅದನ್ನು ಮಾಡಿದವನಲ್ಲ. ಹಿಂದಿನ ವಾರ ಗೆದ್ದವರದನ್ನು ಎತ್ತಿಕೊಂಡು ಬರುತ್ತಿದ್ದರು. ಪರದೆಯ ಮೇಲೆ ಮೋಡ ಕಟ್ಟಿದರೂ, ಮಳೆ ಸುರಿದರೂ, ನೆಲ ಮತ್ತೆ ಒಣಗಿದರೂ ಅದೇ ಸೆಟಪ್, ಅದೇ ವೇಗ. ಕೊನೆಗೆ ಕೆಸರಿನಲ್ಲಿ ಬಿದ್ದು, “ನೆಟ್ ಕೈಕೊಟ್ಟಿತು” ಅನ್ನುವುದು.

“ಅಪ್ಪಾಜಿ, ಇಂಥವರಲ್ಲೊಬ್ಬನನ್ನು ನನ್ನ ಕೊರಳಿಗೆ ಕಟ್ಟಬೇಡಿ,” ಎಂದು ಬೇಡಿಕೊಂಡು ಅವಳು ಒಗಟಿನ ಪರೀಕ್ಷೆ ಕೇಳಿದ್ದಳು. ತಲೆದಂಡದ ಮಾತು ಮಾತ್ರ ದೊರೆಯದು. ಅವಳು ಬೇಡ ಎನ್ನಲಿಲ್ಲ.

ಮೊದಲು ಬಂದವನು ಸೇನಾಪತಿಯ ಮಗ ರಣಧವಳ. ಜರಿಯ ಕೈಗವಸು ತೊಟ್ಟು, ಸಭೆಯನ್ನು ಒಮ್ಮೆ ಸುತ್ತ ನೋಡಿ, ಮೀಸೆ ತಿರುವಿದ.

ಜಕ್ಕಲದೇವಿ ಕೇಳಿದಳು: “ಹೊಸದರಲ್ಲಿ ಜಾರುತ್ತದೆ, ತುಳಿದಷ್ಟೂ ಹಿಡಿದುಕೊಳ್ಳುತ್ತದೆ. ಮಳೆ ಬಂತೋ, ಹಿಡಿದಿದ್ದ ಜಾಗವೇ ಮೊದಲು ಕೈಬಿಡುತ್ತದೆ. ಏನದು?”

“ಹೆಂಗಸಿನ ಮನಸ್ಸು!” ಎಂದ ರಣಧವಳ, ಚಪ್ಪಾಳೆಗೆ ಕಾಯುತ್ತ.

“ನಿಮ್ಮನ್ನು ಹೆತ್ತವರೂ ಹೆಂಗಸೇ ತಾನೆ? ಅವರಿಗೆ ಸುದ್ದಿ ಮುಟ್ಟಿಸಿ,” ಎಂದಳು ಅವಳು. ಭಟರು ರಟ್ಟೆ ಹಿಡಿದು ಎಳೆದೊಯ್ದರು.

ಮುಂದಿನವನು ಪಕ್ಕದ ಸೀಮೆಯ ಪುಟ್ಟದೊರೆ ಇಂದುಶೇಖರ. ಅವನಿಗೆ ಬೇರೆ ಒಗಟಿನಿಂದ ಶುರುಮಾಡಿದಳು: “ಹೊರಡುವಾಗ ಅಳೆದು ತುಂಬಿದೆ. ದಾರಿಯಲ್ಲಿ ಯಾರೂ ಏನೂ ಸೇರಿಸಲಿಲ್ಲ. ಓಡಿ ಬಂದು ಅಳೆದರೆ ಹೆಚ್ಚಾಗಿತ್ತು. ಏನದು?”

ಇಂದುಶೇಖರ ಎದೆಯುಬ್ಬಿಸಿ, “ನನ್ನ ಕೀರ್ತಿ!” ಅಂದ.

ಜಕ್ಕಲದೇವಿಗೆ ಬೈಯಲೂ ಬೇಸರವಾಯಿತು. ಸುಮ್ಮನೆ ಕೈ ಬೀಸಿದಳು. ಅವನನ್ನೂ ಸೆರೆಗೆ ತಳ್ಳಿದರು. ಸಂಜೆಗೆ ಇಬ್ಬರ ತಲೆಯೂ ಉರುಳಬೇಕು.

ಉಳಿದ ವರರು ಒಬ್ಬರ ಹಿಂದೊಬ್ಬರು ಬಾಗಿಲ ಕಡೆ ಜಾರತೊಡಗಿದರು. ಆಗ ಹಿಂದಿನ ಕಂಬದ ಬಳಿಯಿಂದ ಒಬ್ಬ ತರುಣ ಮುಂದೆ ಬಂದ. ಕಂಬಳಿ ನೇಯುವವರ ಮನೆಯ ಹೊನ್ನೂರ. ಅವನನ್ನು ಕಂಡು ಸಭೆಯೆಲ್ಲ ಗೊಳ್ಳೆಂದಿತು.

“ಎಲ್ಲ ಪಂದ್ಯದಲ್ಲೂ ಕೊನೆಗೆ ಬರುವವನು ನೀನೇ ಅಲ್ಲವೇ?” ಎಂದಳು ಜಕ್ಕಲದೇವಿ.

“ಹೌದು ಅಮ್ಮಣ್ಣಿ, ನಾನೇ.”

“ತಲೆ ಭಾರವಾಯಿತೇ?”

“ನೋಡಿಕೊಂಡು ಹೋಗೋಣ ಅಂತಷ್ಟೇ ಬಂದಿದ್ದೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ ಇನ್ನೆಷ್ಟು ತಲೆ ಹೋಗುತ್ತವೋ ಅನ್ನಿಸಿತು.” ಅವನು ಬೆರಳು ಮಡಿಸಿ ಎಣಿಸತೊಡಗಿದ. “ಮೊದಲನೆಯದು ಪಂದ್ಯದ ದಾರಿ. ಕಾರು ಓಡಿದಷ್ಟೂ ಟೈರಿನ ರಬ್ಬರು ನೆಲಕ್ಕೆ ಮೆತ್ತಿಕೊಳ್ಳುತ್ತದೆ, ಅಲ್ಲಿ ಹಿಡಿತ ಹೆಚ್ಚು. ಮಳೆ ಬಿದ್ದರೆ ಅದೇ ರಬ್ಬರು ಎಣ್ಣೆ ಸವರಿದ ಹಾಗೆ. ಆಗ ಎಲ್ಲರೂ ಓಡಿದ ಜಾಡು ಬಿಟ್ಟು ಪಕ್ಕದಲ್ಲಿ ಹೋಗಬೇಕು. ಎರಡನೆಯದು ಟೈರಿನ ಗಾಳಿ. ಓಡಿದರೆ ಟೈರು ಕಾಯುತ್ತದೆ, ಕಾದ ಗಾಳಿಯ ಒತ್ತಡ ಏರುತ್ತದೆ. ಬಿಸಿಲಿನ ದಿನ ಮೊದಲೇ ಒಂದಿಷ್ಟು ಕಡಿಮೆ ತುಂಬಬೇಕು.”

ಜಕ್ಕಲದೇವಿ ಮುಂದಕ್ಕೆ ಬಾಗಿದಳು.

“ಮೂರನೆಯದು ಕೇಳು. ರೆಕ್ಕೆಯಿದೆ, ಹಾರುವುದಿಲ್ಲ. ಹಾರಬಾರದೆಂದೇ ಕಟ್ಟಿದ ರೆಕ್ಕೆ. ಎತ್ತಿ ನಿಲ್ಲಿಸಿದರೆ ನೇರ ದಾರಿಯಲ್ಲಿ ಸೋಲು, ಮಲಗಿಸಿದರೆ ತಿರುವಿನಲ್ಲಿ ಸೋಲು. ಎಷ್ಟು ನಿಲ್ಲಿಸಿದರೆ ಗೆಲುವು?”

ಹೊನ್ನೂರ ತಲೆಯೆತ್ತಿ, “ಯಾವ ಊರಿನ ದಾರಿ, ಅಮ್ಮಣ್ಣಿ? ಅಲ್ಲಿ ಮಳೆಯೋ ಬಿಸಿಲೋ?” ಎಂದ.

“ಪ್ರಶ್ನೆಗೆ ಪ್ರಶ್ನೆ! ಉತ್ತರ ಬರಲಿಲ್ಲ, ತಪ್ಪಿದ!” ಎಂದು ಮಂತ್ರಿ ಕೂಗಿದ. ದೊರೆ ಭಟರಿಗೆ ಸನ್ನೆ ಮಾಡಿದ. ಇಬ್ಬರು ಬಂದು ಹೊನ್ನೂರನ ಹೆಗಲ ಮೇಲೆ ಕೈಯಿಟ್ಟೂ ಆಯಿತು.

ಜಕ್ಕಲದೇವಿ ಎದ್ದು ನಿಂತಳು. “ಬಿಡಿ ಅವನನ್ನು! ಅಪ್ಪಾಜಿ, ಅದೇ ಉತ್ತರ.” ಮಂತ್ರಿಯ ಕಡೆ ತಿರುಗಿ, “ನೀವಾಗಿದ್ದರೆ ಒಂದು ಅಂಕಿ ಹೇಳಿ ನಿಮ್ಮ ತಲೆ ಕಳೆದುಕೊಳ್ಳುತ್ತಿದ್ದಿರಿ,” ಅಂದಳು. ಮಂತ್ರಿ ಪೇಟ ಸರಿಮಾಡಿಕೊಂಡ.

“ಒದ್ದೆ ನೆಲಕ್ಕೆ ರೆಕ್ಕೆ ಎತ್ತಿ ನಿಲ್ಲಿಸಿದರೆ ಗಾಳಿ ಕಾರನ್ನು ನೆಲಕ್ಕೆ ಒತ್ತುತ್ತದೆ,” ಎಂದ ಹೊನ್ನೂರ. “ಒಣ ನೆಲ, ಉದ್ದನೆಯ ನೇರ ದಾರಿಯಾದರೆ ಮಲಗಿಸಬೇಕು. ನೆಲ ಕೇಳದೆ ರೆಕ್ಕೆ ಕಟ್ಟುವುದು ಹೇಗೆ?”

“ಇಷ್ಟೆಲ್ಲ ತಿಳಿದವನು ಕೊನೆಗೇ ಯಾಕೆ ಬರುತ್ತೀಯ?”

“ನನ್ನ ಕೈ ನಿಧಾನ, ಅಮ್ಮಣ್ಣಿ. ಆದರೆ ಹಿಂದಿರುವವನಿಗೆ ಮುಂದಿನವರೆಲ್ಲ ಎಲ್ಲೆಲ್ಲಿ ಜಾರಿದರು ಅನ್ನುವುದು ಕಾಣುತ್ತದೆ.”

ದೊರೆ ಸಂತೋಷಪಟ್ಟು, “ಅರ್ಧ ರಾಜ್ಯ ನಿನ್ನದು. ಇನ್ನೇನು ಬೇಕು ಕೇಳು,” ಎಂದ.

“ಸೆರೆಯಲ್ಲಿರುವ ಇಬ್ಬರ ತಲೆ ಉಳಿಸಿ, ಮಹಾಸ್ವಾಮಿ. ಗೊತ್ತಿಲ್ಲದ್ದಕ್ಕೆ ತಲೆ ತೆಗೆಯುವುದಾದರೆ ನನ್ನದು ಎಂದೋ ಹೋಗಬೇಕಿತ್ತು.”

ಜಕ್ಕಲದೇವಿಗೆ ಮುಖದ ಮೇಲೆ ತಣ್ಣೀರೆರಚಿದಂತಾಯಿತು. ಬೇಡ ಎಂಬ ಆ ಒಂದು ಮಾತು ತನ್ನ ಬಾಯಿಂದ ಬರಬೇಕಿತ್ತು. ಅದನ್ನು ಒಪ್ಪಿಕೊಳ್ಳುವುದು ಅವಳಿಗೆ ಸುಲಭವಾಗಲಿಲ್ಲ. “ಬಿಟ್ಟುಬಿಡಿ ಅಪ್ಪಾಜಿ. ಆ ತಲೆಗಳಿಗೆ ಕತ್ತಿ ಮಸೆಯುವುದೂ ದಂಡ,” ಎಂದಳು, ಹೊನ್ನೂರನ ಮುಖ ನೋಡದೆ.

ಸೆರೆಯಿಂದ ಹೊರಬಂದ ರಣಧವಳ ಕೈಗವಸು ಕೊಡವಿಕೊಂಡು, “ಒಗಟು ನನಗೆ ಸರಿಯಾಗಿ ಕೇಳಿಸಲಿಲ್ಲ,” ಎಂದ. ಇಂದುಶೇಖರ ಹೌದೆಂದು ತಲೆಯಾಡಿಸಿದ. ಜೀವ ಉಳಿಸಿದವನ ಕಡೆ ಇಬ್ಬರೂ ತಿರುಗಿಯೂ ನೋಡಲಿಲ್ಲ.

ಜಕ್ಕಲದೇವಿ ಮೆಟ್ಟಿಲಿಳಿದು ಬಂದು ಹೊನ್ನೂರನ ಮುಂದೆ ನಿಂತಳು. “ರಾಜ್ಯ ಅಪ್ಪಾಜಿ ಕೊಡುತ್ತಾರೆ. ಇದನ್ನು ಕೊಡುವವಳು ನಾನು,” ಎಂದು ಕೈ ಚಾಚಿದಳು. ಅವನು ಅಂಗೈ ಒರೆಸಿಕೊಂಡು ಹಿಡಿದುಕೊಂಡ.

ಮದುವೆ ಒಂಬತ್ತು ದಿನ ನಡೆಯಿತು. ಅಂದಿನಿಂದ ಆ ರಾಜ್ಯದಲ್ಲಿ ಒಗಟಿನ ಹತ್ತಿರ ಕತ್ತಿ ಸುಳಿಯಲಿಲ್ಲ. ಮೂರ್ಖರು ಮಾತ್ರ ಕಡಿಮೆಯಾಗಲಿಲ್ಲ.