ಆಚೆ ಬಂಡೆಯ ದನಿ

ಮಾಗಿಯ ಮಂಜು ಹೊಳೆಯ ಮೇಲೆ ಇಳಿದಾಗಲೆಲ್ಲ ಮುದುಕ ಕೇತಯ್ಯನಿಗೆ ತನ್ನ ಕಿವಿಗಳ ಮೇಲೆ ಎರಡು ಅಂಗೈ ಕುಳಿತ ಹಾಗಾಗುತ್ತದೆ. ಒರಟು ಅಂಗೈಗಳು. ಹೊಂಗೆ ಎಣ್ಣೆಯ ವಾಸನೆ.

ಆಗ ಅವನಿಗೆ ಮೀಸೆ ಚಿಗುರುತ್ತಿದ್ದ ವಯಸ್ಸು. ಆಶ್ರಮದ ದೋಣಿ ನಡೆಸುತ್ತಿದ್ದವರು ಅವನ ಗುರು ನಿರ್ವಾಣಪ್ಪನವರು. ಮಂಜಿನಲ್ಲಿ ಆಚೆ ದಡ ಕಾಣದು. ಶಂಖ ಊದಿದರೆ ಅಲ್ಲಿಯ ಹೆಬ್ಬಂಡೆ ಮಾರುದನಿ ಕೊಡುತ್ತಿತ್ತು. ಅದು ಬಂದ ಕಡೆಗೆ ದೋಣಿ ಸಾಗಬೇಕು.

"ಈ ಮಾಗಿ ಕಳೆದರೆ ನಾನು ಹೊರಟೆ," ಎಂದಿದ್ದರು ಗುರುಗಳು. "ದೋಣಿಯೂ ಅದರೊಳಗಿನ ಜೀವಗಳೂ ನಿನ್ನ ಪಾಲಿಗೆ."

ಕೇತಯ್ಯನಿಗೆ ಹೆಬ್ಬಂಡೆಯ ದನಿ ಒಮ್ಮೆಯೂ ಕೇಳಿಸಿರಲಿಲ್ಲ.

ಅಂದು ಹುಟ್ಟೂ ಅವನ ಕೈಯಲ್ಲೇ, ಶಂಖವೂ ಅವನ ಕೈಯಲ್ಲೇ. ಗುರುಗಳು ಸುಮ್ಮನೆ ಹಿಂದೆ ಕುಳಿತಿದ್ದರು. ಅವನು ಎದೆ ಬಿರಿಯುವಂತೆ ಊದಿದ. ಬಿಟ್ಟುಬಂದ ದಡದ ಗುಡ್ಡ ಗುಡುಗಿತು. ಇನ್ನೂ ಜೋರಾಗಿ ಊದಿದ. ಗುಡ್ಡವೂ ಇನ್ನೂ ಜೋರಾಗಿ ಗುಡುಗಿತು.

ಅಷ್ಟರಲ್ಲಿ ದೋಣಿ ನಡುಹೊಳೆಯ ಕಲ್ಲಿಗೆ ಬಡಿಯಿತು. ದೋಣಿಯಲ್ಲಿದ್ದ ಕುಂಬಾರರ ಸಾವಂತ್ರಕ್ಕನ ಮಡಕೆಗಳು ಒಡೆದವು.

"ಈ ಕಲ್ಲನ್ನ ಕರೆಯೋಕೆ ಅಷ್ಟು ದೊಡ್ಡ ಶಂಖ ಬೇಕಿತ್ತೇನೋ ತಮ್ಮಾ?" ಎಂದಳು ಆಕೆ.

ಗುರುಗಳು ನಕ್ಕರು. ಹಲಗೆ ಬಿರುಕು ಬಿಟ್ಟಿರಲಿಲ್ಲ. ದೋಣಿಯನ್ನು ಕಲ್ಲಿನಿಂದ ಬಿಡಿಸಿದರು.

"ನನ್ನ ಉಸಿರು ಸಾಲದು, ಗುರುಗಳೇ."

"ಹೆಚ್ಚಾಗಿದೆ. ಊದು."

ಅವನು ಶಂಖಕ್ಕೆ ತುಟಿ ಹಚ್ಚುತ್ತಲೇ ಅವರು ಹಿಂದಿನಿಂದ ಅವನ ಎರಡೂ ಕಿವಿ ಒತ್ತಿ ಮುಚ್ಚಿದರು. ಗುಡ್ಡದ ಗುಡುಗು ಗೊಣಗಾಟದಂತೆ ಬಂದು ಹೋಯಿತು. ಆಮೇಲೆ ಆ ಅಂಗೈಗಳು, ಕಾದ ಹಾಲಿನ ಮುಚ್ಚಳ ಸರಿಸಿದ ಹಾಗೆ, ಮೆಲ್ಲಮೆಲ್ಲಗೆ ಸರಿದವು.

ಬಹಳ ಆಚೆಯಿಂದ, ಯಾರೋ ಹೆಸರು ಹಿಡಿದು ಕರೆದಂತೆ, ಸಣ್ಣಗೆ ಒಂದು ದನಿ.

"ಬಂತು!" ಅವನ ಕಣ್ಣು ತುಂಬಿತು. "ಇಷ್ಟು ದಿನ ಇದು ಎಲ್ಲಿತ್ತು ಗುರುಗಳೇ?"

"ಬರುತ್ತಲೇ ಇತ್ತು. ನಿನ್ನ ಕಿವಿಯಲ್ಲಿ ಜಾಗ ಇರಲಿಲ್ಲ."

ಮಾಗಿ ಕಳೆಯುವ ಹೊತ್ತಿಗೆ ಅವನು ತನ್ನ ಕಿವಿಯನ್ನು ತಾನೇ ಮುಚ್ಚಿ ತೆರೆಯುವುದನ್ನು ಕಲಿತಿದ್ದ. ಒಂದು ಬೆಳಿಗ್ಗೆ ಗುರುಗಳು ಜೋಳಿಗೆಯನ್ನು ಹೆಗಲಿಗೇರಿಸಿದರು. ಅವನು ದಾರಿಯ ತಿರುವಿನವರೆಗೂ ಹಿಂದೆಯೇ ಹೋದ.

"ನೀವು ಹೋದ ಮೇಲೆ ನಿಮ್ಮ ಮಾತು ನನಗೆ ಕೇಳಿಸುತ್ತದೆಯೇ?"

ಗುರುಗಳು ನಿಂತರು.

"ಮೊದಮೊದಲು ಆ ಗುಡ್ಡದ ಹಾಗೆ ಗುಡುಗುತ್ತದೆ, ಮಗನೇ. ಆಗ ಕಿವಿ ಮುಚ್ಚಿಕೋ. ಆಮೇಲೆ ಮೆಲ್ಲಗೆ ಕೈ ತೆಗೆ."